ಶೇಷವಿಲ್ಲದ ಪಾಲು: ಜೈನ ಗಣಿತದಲ್ಲಿ ಭಾಜ್ಯತೆಯ ವಿಚಾರ

ಹನ್ನೆರಡು ಹಣ್ಣುಗಳನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಸಮನಾಗಿ ಹಂಚಬಹುದು. ಹದಿಮೂರು ಹಣ್ಣುಗಳನ್ನು ಹಾಗೆ ಹಂಚಲಾಗದು. ಒಬ್ಬನೇ ಎಲ್ಲವನ್ನೂ ಪಡೆಯಬೇಕು, ಇಲ್ಲವೆ ಹದಿಮೂರು ಮಂದಿ ಒಂದೊಂದನ್ನು ಪಡೆಯಬೇಕು. ಹದಿಮೂರರಂತಹ ಸಂಖ್ಯೆಗಳನ್ನು ಇಂದಿನ ಪಠ್ಯಪುಸ್ತಕಗಳು ಅವಿಭಾಜ್ಯ ಸಂಖ್ಯೆಗಳೆಂದು ಕರೆಯುತ್ತವೆ. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ 'ಎಲಿಮೆಂಟ್ಸ್' ಗ್ರಂಥದ ಏಳನೆಯ ಭಾಗದಲ್ಲಿ ಇವುಗಳಿಗೆ ಲಕ್ಷಣ ಹೇಳಿದನು. ಒಂಬತ್ತನೆಯ ಭಾಗದಲ್ಲಿ ಇವುಗಳಿಗೆ ಕೊನೆಯಿಲ್ಲವೆಂದು ಸಾಧಿಸಿದನು. ಮಾನ್ಯಖೇಟದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ ಮಹಾವೀರಾಚಾರ್ಯರಿಗೆ ಇವುಗಳ ಅರಿವಿತ್ತೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಈ ಪ್ರಶ್ನೆಗೆ ಎರಡು ಅವಸರದ ಉತ್ತರಗಳು ಸುಲಭವಾಗಿ ದೊರೆಯುತ್ತವೆ. ನಮ್ಮ ಪೂರ್ವಾಚಾರ್ಯರಿಗೆ ತಿಳಿಯದೆ ಇದ್ದುದು ಯಾವುದೂ ಇಲ್ಲವೆಂಬುದು ಒಂದು. ಹೆಸರೇ ಇಲ್ಲವಾದ ಮೇಲೆ ವಿಚಾರವೂ ಇರಲಿಲ್ಲವೆಂಬುದು ಇನ್ನೊಂದು. ಎರಡೂ ಗ್ರಂಥವನ್ನು ಓದಿಸುವ ಉತ್ತರಗಳಲ್ಲ. ಜೈನ ಆಗಮ, ಟೀಕೆ ಮತ್ತು ಗಣಿತಗ್ರಂಥಗಳಲ್ಲಿ ಭಾಜ್ಯತೆಯ ವಿಚಾರ ಹೇರಳವಾಗಿದೆ. ಆದರೆ ಅದು ಯೂಕ್ಲಿಡನ ದಾರಿಯಲ್ಲಿ ಸಾಗುವುದಿಲ್ಲ. ಒಂದು ಸಂಖ್ಯೆ ತನ್ನಷ್ಟಕ್ಕೆ ಒಡೆಯುವುದೇ ಎಂದು ಕೇಳುವುದಕ್ಕಿಂತ, ಎರಡು ಸಂಖ್ಯೆಗಳು ಒಂದನ್ನೊಂದು ಅಳೆದಾಗ ಏನು ಉಳಿಯುತ್ತದೆ ಎಂದು ಅದು ಕೇಳುತ್ತದೆ.

ಇದರ ಪ್ರಾಚೀನ ನಿದರ್ಶನವು ಶ್ವೇತಾಂಬರ ಆಗಮಗಳಲ್ಲೊಂದಾದ ವ್ಯಾಖ್ಯಾಪ್ರಜ್ಞಪ್ತಿಯಲ್ಲಿ, ಅಂದರೆ ಭಗವತೀಸೂತ್ರದಲ್ಲಿ ದೊರೆಯುತ್ತದೆ. ಅಲ್ಲಿ ರಾಶಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಲಾಗಿದೆ. ಒಂದು ರಾಶಿಯಿಂದ ನಾಲ್ಕು ನಾಲ್ಕನ್ನು ತೆಗೆಯುತ್ತ ಹೋದಾಗ ಕೊನೆಯಲ್ಲಿ ನಾಲ್ಕೇ ಉಳಿದರೆ ಕೃತಯುಗ್ಮ, ಮೂರು ಉಳಿದರೆ ತ್ರ್ಯೋಜ, ಎರಡು ಉಳಿದರೆ ದ್ವಾಪರಯುಗ್ಮ, ಒಂದು ಉಳಿದರೆ ಕಲ್ಯೋಜ. ಯುಗ್ಮವೆಂದರೆ ಸಮ, ಓಜವೆಂದರೆ ವಿಷಮ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಈ ಹೆಸರುಗಳು ಪಗಡೆಯಾಟದ ದಾಳಗಳಿಂದ ಬಂದವು; ಯುಗಗಳ ಹೆಸರುಗಳೂ ಇವೇ. ಆಗಮವು ಈ ವಿಭಾಗವನ್ನು ಜೀವರಾಶಿಗಳಿಗೂ ದ್ರವ್ಯಗಳಿಗೂ ಅನ್ವಯಿಸುತ್ತದೆ. ಧರ್ಮಾಸ್ತಿಕಾಯವು ದ್ರವ್ಯದೃಷ್ಟಿಯಿಂದ ಒಂದೇ ಆದುದರಿಂದ ಅದು ಕಲ್ಯೋಜವೆನಿಸುತ್ತದೆ. ದಿಗಂಬರ ಪರಂಪರೆಯ ಧವಲಾ ಟೀಕೆಯಲ್ಲಿಯೂ ಯುಗ್ಮ ಮತ್ತು ಓಜ ರಾಶಿಗಳ ಚರ್ಚೆ ಬರುತ್ತದೆ.

ಸಂಖ್ಯೆಗಳನ್ನು ನಾಲ್ಕರಿಂದ ಭಾಗಿಸಿ ಶೇಷದ ಮೇಲೆ ವರ್ಗೀಕರಿಸುವ ಕ್ರಮ ಇಂದಿನ ಸಂಖ್ಯಾಶಾಸ್ತ್ರದಲ್ಲಿಯೂ ಮೂಲಭೂತವಾದುದು. ಎರಡನ್ನು ಬಿಟ್ಟರೆ ಉಳಿದ ಅವಿಭಾಜ್ಯ ಸಂಖ್ಯೆಗಳೆಲ್ಲ ಕಲ್ಯೋಜ ಇಲ್ಲವೆ ತ್ರ್ಯೋಜ. 5, 13, 17, 29 ಇವು ಕಲ್ಯೋಜಗಳು. ಇವುಗಳಲ್ಲಿ ಪ್ರತಿಯೊಂದನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು: 5 ಎಂದರೆ 1 ಮತ್ತು 4, 13 ಎಂದರೆ 4 ಮತ್ತು 9, 17 ಎಂದರೆ 1 ಮತ್ತು 16, 29 ಎಂದರೆ 4 ಮತ್ತು 25. 3, 7, 11, 19 ಇವು ತ್ರ್ಯೋಜಗಳು. ಇವುಗಳಲ್ಲಿ ಒಂದನ್ನೂ ಹಾಗೆ ಬರೆಯಲಾಗದು. ಈ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಹೇಳಿದನು. ಹದಿನೆಂಟನೆಯ ಶತಮಾನದಲ್ಲಿ ಆಯ್ಲರ್ ಸಾಧಿಸಿದನು. ಆಗಮಕಾರರಿಗೆ ಈ ನಿಯಮ ತಿಳಿದಿತ್ತೆಂದು ಇದರಿಂದ ಹೇಳಲಾಗದು. ಅವರ ವಿಂಗಡಣೆ ಬೇರೊಂದು ಪ್ರಯೋಜನಕ್ಕೆ ಹುಟ್ಟಿದ್ದು. ಆದರೆ ಶೇಷವೇ ಸಂಖ್ಯೆಯ ಗುಣವನ್ನು ಹೇಳುತ್ತದೆಂಬ ನೋಟ ಅಲ್ಲಿ ಸ್ಪಷ್ಟವಾಗಿದೆ. ಈ ಲೇಖನದ ಮಟ್ಟಿಗೆ ಮುಖ್ಯವಾದುದು ಅದು.

ಸಂಖ್ಯೆ ಎಲ್ಲಿಂದ ಆರಂಭವಾಗುತ್ತದೆ ಎಂಬ ವಿಚಾರವೂ ಇಲ್ಲಿ ಉಲ್ಲೇಖಾರ್ಹ. ಅನುಯೋಗದ್ವಾರಸೂತ್ರದ ಪ್ರಕಾರ ಒಂದು ಎಂಬುದು ಗಣನೆಗೆ ಬರುವುದಿಲ್ಲ; ಜಘನ್ಯ ಸಂಖ್ಯಾತವು ಎರಡು. ಯೂಕ್ಲಿಡನಿಗೂ ಒಂದು ಎಂಬುದು ಸಂಖ್ಯೆಯಲ್ಲ, ಸಂಖ್ಯೆಗಳನ್ನು ಕಟ್ಟುವ ಘಟಕ. ಇಂದಿನ ಗಣಿತವು ಒಂದನ್ನು ಸಂಖ್ಯೆಯೆಂದು ಒಪ್ಪಿದರೂ ಅವಿಭಾಜ್ಯಗಳ ಪಂಕ್ತಿಯಿಂದ ಹೊರಗಿಡುತ್ತದೆ; ಹಾಗೆ ಮಾಡದಿದ್ದರೆ ಒಂದೊಂದು ಸಂಖ್ಯೆಗೂ ಅವಿಭಾಜ್ಯಗಳ ಒಂದೇ ಗುಣಲಬ್ಧವೆಂಬ ನಿಯಮ ಕೆಡುತ್ತದೆ. ಮೂರು ಕಡೆಗಳಲ್ಲಿಯೂ ಒಂದಕ್ಕೆ ಪ್ರತ್ಯೇಕ ಸ್ಥಾನವಿದೆ, ಕಾರಣ ಮಾತ್ರ ಮೂರು ಬಗೆ. ಫಲ ಒಂದೇ ಆದಾಗ ಕಾರಣವೂ ಒಂದೇ ಎಂದು ಭಾವಿಸುವುದು ತೌಲನಿಕ ಅಧ್ಯಯನದಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕು.

ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಳೆಗರಿಗಳು ಮೂಡಬಿದಿರೆಯಲ್ಲಿ ಹಳೆಯ ಕನ್ನಡ ಲಿಪಿಯಲ್ಲಿ ಉಳಿದುಬಂದವು; 1939ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದವು. ಈ ಟೀಕೆಯಲ್ಲಿ ಅರ್ಧಚ್ಛೇದ, ತ್ರಿಕಚ್ಛೇದ, ಚತುರ್ಥಚ್ಛೇದ ಎಂಬ ಪರಿಭಾಷೆಗಳಿವೆ. ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಅದರ ಅರ್ಧಚ್ಛೇದ. 64ರ ಅರ್ಧಚ್ಛೇದ 6. 32, 16, 8, 4, 2, 1 ಎಂದು ಆರು ಸಲ ಅರ್ಧಿಸಬಹುದು. 81ರ ತ್ರಿಕಚ್ಛೇದ 4. 64ರ ಚತುರ್ಥಚ್ಛೇದ 3. ಆಧುನಿಕ ವಿದ್ವಾಂಸರು ಇದನ್ನು ಲಾಗರಿದಮಿನ ಕಲ್ಪನೆಯೊಡನೆ ಹೋಲಿಸಿದ್ದಾರೆ. ಆ ಹೋಲಿಕೆ ಯುಕ್ತವಾಗಿದೆ. ಆದರೆ ಒಂದು ಭಾಜಕವು ಒಂದು ರಾಶಿಯೊಳಗೆ ಎಷ್ಟು ಸಲ ಅಡಗಿದೆ ಎಂಬ ಪ್ರಶ್ನೆಯಾಗಿಯೂ ಇದನ್ನು ಓದಬೇಕು.

ಈ ಮೂರು ಪರಿಭಾಷೆಗಳ ಸಾಲಿನಲ್ಲಿಯೇ ಒಂದು ಸೂಚನೆ ಅಡಗಿದೆ. ಎರಡು ಮತ್ತು ಮೂರು ಅವಿಭಾಜ್ಯಗಳು, ನಾಲ್ಕು ಅಲ್ಲ. ಚತುರ್ಥಚ್ಛೇದವು ಅರ್ಧಚ್ಛೇದದ ಅರ್ಧವಷ್ಟೇ ಆದುದರಿಂದ, ಅವಿಭಾಜ್ಯಗಳನ್ನು ಮೂಲವೆಂದು ಎಣಿಸುವ ಶಾಸ್ತ್ರಕ್ಕೆ ಅದು ಬೇಡವಾದ ಪದ. ಅಂತಹ ಶಾಸ್ತ್ರ ಎರಡು, ಮೂರರ ಬಳಿಕ ನೇರವಾಗಿ ಐದಕ್ಕೆ ಹೋಗುತ್ತಿತ್ತು. ಧವಲಾಕಾರರು ಎರಡು, ಮೂರು, ನಾಲ್ಕು ಎಂದು ಎಣಿಕೆಯ ಕ್ರಮದಲ್ಲಿ ಹೋಗುತ್ತಾರೆ. ಯಾವ ಭಾಜಕಕ್ಕೂ ಅಲ್ಲಿ ವಿಶೇಷ ಕುಲವಿಲ್ಲ.

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ 'ತ್ರಿಲೋಕಸಾರ'ವು ಈ ಅನುಮಾನವನ್ನು ಬಲಪಡಿಸುತ್ತದೆ. ಅಲ್ಲಿ ಸಂಖ್ಯೆಗಳ ಹದಿನಾಲ್ಕು ಧಾರೆಗಳನ್ನು ಹೇಳಲಾಗಿದೆ. ಸರ್ವಧಾರೆಯಲ್ಲಿ ಎಲ್ಲ ಸಂಖ್ಯೆಗಳು, ಸಮಧಾರೆಯಲ್ಲಿ ಸಮಸಂಖ್ಯೆಗಳು, ವಿಷಮಧಾರೆಯಲ್ಲಿ ಬೆಸಸಂಖ್ಯೆಗಳು. ಕೃತಿಧಾರೆಯಲ್ಲಿ ವರ್ಗಗಳು, ಅಕೃತಿಧಾರೆಯಲ್ಲಿ ವರ್ಗವಲ್ಲದವು. ಘನಧಾರೆಯಲ್ಲಿ ಘನಗಳು, ಅಘನಧಾರೆಯಲ್ಲಿ ಘನವಲ್ಲದವು. ವರ್ಗಮೂಲ ಘನಮೂಲಗಳಿಗೆ ಸಂಬಂಧಿಸಿದ ನಾಲ್ಕು ಮಾತೃಕಾಧಾರೆಗಳೂ ಎರಡರಿಂದ ಹೊರಡುವ ಮೂರು ದ್ವಿರೂಪಧಾರೆಗಳೂ ಸೇರಿ ಹದಿನಾಲ್ಕಾಗುತ್ತವೆ. ಒಂದು ಗುಣ ಇರುವ ಸಂಖ್ಯೆಗಳನ್ನೂ ಆ ಗುಣ ಇಲ್ಲದ ಸಂಖ್ಯೆಗಳನ್ನೂ ಜೋಡಿಜೋಡಿಯಾಗಿ ಬೇರ್ಪಡಿಸುವುದರಲ್ಲಿ ಇಷ್ಟು ಆಸಕ್ತಿಯಿರುವ ಪರಂಪರೆಯಲ್ಲಿ, ಒಡೆಯುವ ಸಂಖ್ಯೆಗಳಿಗೊಂದು, ಒಡೆಯದ ಸಂಖ್ಯೆಗಳಿಗೊಂದು ಧಾರೆಯಿಲ್ಲ. ಇದನ್ನು ಮರೆವು ಎನ್ನಲಾಗದು. ಆ ಭೇದ ಅವರಿಗೆ ಬೇಕಾಗಿರಲಿಲ್ಲವೆಂದೇ ತಿಳಿಯಬೇಕು.

ಬೇಕಾಗಿದ್ದುದು ಯಾವುದು ಎಂಬುದಕ್ಕೆ 'ಅಪವರ್ತನ' ಎಂಬ ಪದ ಉತ್ತರ ಕೊಡುತ್ತದೆ. ಭಾಜ್ಯ ಭಾಜಕಗಳೆರಡನ್ನೂ ಸಾಮಾನ್ಯವಾದ ಸಂಖ್ಯೆಯಿಂದ ಭಾಗಿಸಿ ಕಿರಿದುಗೊಳಿಸುವುದೇ ಗಣಿತದಲ್ಲಿ ಅಪವರ್ತನ. ಇದೇ ಪದ ಕರ್ಮಸಿದ್ಧಾಂತದಲ್ಲಿ ಕರ್ಮದ ಸ್ಥಿತಿ ಮೊಟಕಾಗುವುದನ್ನು ಸೂಚಿಸುತ್ತದೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ಕೊನೆಯ ಸೂತ್ರವು ಯಾರ ಆಯುಷ್ಯ ಹೀಗೆ ಅಪವರ್ತನಕ್ಕೆ ಒಳಗಾಗುವುದಿಲ್ಲ ಎಂಬುದನ್ನು ಹೇಳುತ್ತದೆ. ಶ್ವೇತಾಂಬರ ಪರಂಪರೆಯು ಸೂತ್ರಕಾರರದೇ ಎಂದು ಮನ್ನಿಸುವ ಭಾಷ್ಯದಲ್ಲಿ ಇಲ್ಲೊಂದು ಗಣಿತದ ದೃಷ್ಟಾಂತವಿದೆ. ಲೆಕ್ಕವನ್ನು ಹಗುರಗೊಳಿಸುವುದಕ್ಕಾಗಿ ಗಣಿತಾಚಾರ್ಯನು ಗುಣಕ ಭಾಜಕಗಳನ್ನು ಬಳಸಿ ರಾಶಿಯನ್ನು ಅಪವರ್ತಿಸುತ್ತಾನೆ, ಅಷ್ಟರಿಂದ ಎಣಿಸಬೇಕಾದ ವಸ್ತುವಿಗೆ ಕೊರತೆಯೇನೂ ಬರುವುದಿಲ್ಲ; ಹಾಗೆಯೇ ಆಯುಷ್ಯ ಬೇಗ ಭೋಗಿಸಲ್ಪಟ್ಟರೂ ಕರ್ಮದ ಫಲ ವ್ಯರ್ಥವಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಧರ್ಮಶಾಸ್ತ್ರದ ಒಂದು ಕಠಿಣ ಪ್ರಶ್ನೆಗೆ ಅಂಕಗಣಿತದ ಕ್ರಿಯೆಯೊಂದು ದೃಷ್ಟಾಂತವಾಗಬೇಕಾದರೆ ಆ ಕ್ರಿಯೆ ಓದುಗರಿಗೆ ಚೆನ್ನಾಗಿ ಪರಿಚಿತವಾಗಿರಬೇಕು. ಇಂದು ಕನ್ನಡ ಶಾಲೆಗಳ ಮಕ್ಕಳು ಹೇಳುವ ಮ.ಸಾ.ಅ. ಎಂಬ ಸಂಕ್ಷೇಪದ ಕೊನೆಯ ಅಕ್ಷರ ಇದೇ ಅಪವರ್ತನ.

'ಗಣಿತಸಾರಸಂಗ್ರಹ'ದಲ್ಲಿ ಈ ಕ್ರಿಯೆ ಪ್ರೌಢಿಮೆಯನ್ನು ಪಡೆಯುತ್ತದೆ. ಕಲಾಸವರ್ಣ, ಅಂದರೆ ಭಿನ್ನರಾಶಿಗಳ ಪ್ರಕರಣದಲ್ಲಿ ಮಹಾವೀರಾಚಾರ್ಯರು 'ನಿರುದ್ಧ'ವೆಂಬ ಪರಿಭಾಷೆಯನ್ನು ತರುತ್ತಾರೆ. ಛೇದಗಳಲ್ಲಿರುವ ಸಾಮಾನ್ಯ ಭಾಜಕಗಳನ್ನೂ, ಅವುಗಳಿಂದ ಭಾಗಿಸಿದ ಮೇಲೆ ಕೊನೆಗೆ ಉಳಿಯುವ ಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ನಿರುದ್ಧ ದೊರೆಯುತ್ತದೆ. ಇಂದಿನ ಲ.ಸಾ.ಅ. ಇದೇ. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳನ್ನೆಲ್ಲ ಸುಮ್ಮನೆ ಗುಣಿಸದೆ ಇದನ್ನು ಬಳಸಿದ ಭಾರತೀಯ ಗಣಿತಜ್ಞರಲ್ಲಿ ಮಹಾವೀರಾಚಾರ್ಯರೇ ಮೊದಲಿಗರೆಂದು ಗಣಿತದ ಇತಿಹಾಸಕಾರರು ಗುರುತಿಸಿದ್ದಾರೆ. ಉದಾಹರಣೆಗೆ 12, 18, 30 ಎಂಬ ಛೇದಗಳನ್ನು ತೆಗೆದುಕೊಳ್ಳಬಹುದು. ಮೂರನ್ನೂ ಗುಣಿಸಿದರೆ 6480 ಆಗುತ್ತದೆ. ಆದರೆ ಮೂರಕ್ಕೂ 6 ಸಾಮಾನ್ಯ ಭಾಜಕ. ಭಾಗಿಸಿದಾಗ 2, 3, 5 ಉಳಿಯುತ್ತವೆ. 6, 2, 3, 5 ಇವನ್ನು ಗುಣಿಸಿದರೆ 180. ಲೆಕ್ಕ ಮೂವತ್ತಾರರಲ್ಲಿ ಒಂದು ಪಾಲಿಗೆ ಇಳಿಯಿತು.

ಈ ಉದಾಹರಣೆಯಲ್ಲಿ ಉಳಿದ 2, 3, 5 ಅವಿಭಾಜ್ಯಗಳೇ. ಅಷ್ಟರಿಂದ ನಿರುದ್ಧದ ವಿಧಿಯು ಅವಿಭಾಜ್ಯ ಅಪವರ್ತನಗಳ ವಿಧಿಯೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಛೇದಗಳು 8 ಮತ್ತು 27 ಆಗಿದ್ದರೆ ಅವುಗಳಿಗೆ ಸಾಮಾನ್ಯ ಭಾಜಕವೇ ಇಲ್ಲ. ಎಂಟೂ ಇಪ್ಪತ್ತೇಳೂ ಹಾಗೆಯೇ ಉಳಿಯುತ್ತವೆ, ನಿರುದ್ಧ 216. ಎಂಟು ಒಡೆಯುವ ಸಂಖ್ಯೆ, ಇಪ್ಪತ್ತೇಳೂ ಒಡೆಯುವ ಸಂಖ್ಯೆ. ಆದರೂ ಅವುಗಳನ್ನು ಒಡೆಯಬೇಕಾಗಿಲ್ಲ. ಉಳಿದವು ಪರಸ್ಪರ ಅಪವರ್ತನವಾಗದಿದ್ದರೆ ಸಾಕು. ಒಂದೊಂದೂ ಸ್ವಭಾವತಃ ಒಡೆಯದಿರಬೇಕೆಂಬ ನಿಯಮವಿಲ್ಲ. ಭಾಜ್ಯತೆಯನ್ನು ಒಂದು ಸಂಖ್ಯೆಯ ಸ್ವಭಾವವಾಗಿ ನೋಡುವುದಕ್ಕೂ ಎರಡು ಸಂಖ್ಯೆಗಳ ಸಂಬಂಧವಾಗಿ ನೋಡುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಅದೇ ಗ್ರಂಥದ ಮಿಶ್ರಕವ್ಯವಹಾರದಲ್ಲಿ ಬರುವ ವಲ್ಲಿಕಾಕುಟ್ಟೀಕಾರವು ಈ ಸಂಬಂಧದ ಇನ್ನೊಂದು ಮುಖ. ಅಲ್ಲಿಯ ಒಂದು ಪ್ರಶ್ನೆಯಲ್ಲಿ ದಾರಿಹೋಕರು ಹೂಹಣ್ಣುಗಳಿಂದ ತುಂಬಿದ ಕಾಡಿನ ಅಂಚನ್ನು ಸೇರುತ್ತಾರೆ. ಒಂದೇ ಅಳತೆಯ 63 ಬಾಳೆಹಣ್ಣಿನ ರಾಶಿಗಳಿವೆ, ಬಿಡಿಯಾಗಿ ಇನ್ನೂ 7 ಹಣ್ಣುಗಳಿವೆ. ಎಲ್ಲವನ್ನೂ ಕೂಡಿಸಿ 23 ಮಂದಿ ಶೇಷವಿಲ್ಲದಂತೆ ಸಮನಾಗಿ ಹಂಚಿಕೊಂಡರು. ಹಾಗಾದರೆ ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣುಗಳಿದ್ದವು? ರಾಶಿಯಲ್ಲಿ 5 ಹಣ್ಣುಗಳಿದ್ದರೆ ಒಟ್ಟು 322, ಒಬ್ಬೊಬ್ಬರಿಗೆ 14. ಇದಕ್ಕಿಂತ ಕಿರಿದಾದ ಉತ್ತರವಿಲ್ಲ. ಇದರ ಮೇಲೆ 23ನ್ನು ಕೂಡಿಸುತ್ತ ಹೋದಂತೆ 28, 51 ಮುಂತಾದ ಉತ್ತರಗಳು ದೊರೆಯುತ್ತವೆ.

ಇದನ್ನು ಸಾಧಿಸುವ ಬಗೆ ಪರಸ್ಪರ ಭಾಗಾಹಾರ. 63ನ್ನು 23ರಿಂದ ಭಾಗಿಸಿದರೆ ಲಬ್ಧ 2, ಶೇಷ 17; 23ನ್ನು 17ರಿಂದ ಭಾಗಿಸಿದರೆ ಲಬ್ಧ 1, ಶೇಷ 6; 17ನ್ನು 6ರಿಂದ ಭಾಗಿಸಿದರೆ ಲಬ್ಧ 2, ಶೇಷ 5; 6ನ್ನು 5ರಿಂದ ಭಾಗಿಸಿದರೆ ಲಬ್ಧ 1, ಶೇಷ 1. ಲಬ್ಧಗಳನ್ನು ಒಂದರ ಕೆಳಗೊಂದು ಇಟ್ಟಾಗ ಆಗುವ ಸಾಲೇ ವಲ್ಲಿಕೆ, ಅಂದರೆ ಬಳ್ಳಿ. ಕೆಳಗಿನಿಂದ ಮೇಲಕ್ಕೆ ಅದನ್ನು ಗುಣಿಸುತ್ತ ಕೂಡಿಸುತ್ತ ಬಂದರೆ ಉತ್ತರ ದೊರೆಯುತ್ತದೆ. ಆರ್ಯಭಟನಿಂದ ಮೊದಲ್ಗೊಂಡು ಬ್ರಹ್ಮಗುಪ್ತ, ಒಂದನೆಯ ಭಾಸ್ಕರರ ಮೂಲಕ ಬೆಳೆದುಬಂದ ಕುಟ್ಟಕವೇ ಇದು. ಯೂಕ್ಲಿಡನ ಏಳನೆಯ ಭಾಗದ ಆದಿಯಲ್ಲಿರುವುದೂ ಇದೇ ಪರಸ್ಪರ ಕಳೆಯುವ ಕ್ರಮ. ಎರಡು ಪರಂಪರೆಗಳೂ ಒಂದೇ ಬಾಗಿಲಿನಿಂದ ಹೊರಟು ಬೇರೆಬೇರೆ ಕಡೆಗೆ ನಡೆದಿವೆ: ಯೂಕ್ಲಿಡ್ ಅಲ್ಲಿಂದ ಅವಿಭಾಜ್ಯಗಳ ಲಕ್ಷಣ, ಸಿದ್ಧಾಂತಗಳ ಕಡೆಗೆ, ಕುಟ್ಟಕಕಾರರು ಅಲ್ಲಿಂದ ಅಜ್ಞಾತ ರಾಶಿಯ ಕಡೆಗೆ.

ಕೊನೆಯ ಶೇಷ 1 ಆದುದರಿಂದಲೇ ಈ ಲೆಕ್ಕಕ್ಕೆ ಉತ್ತರ ನಿಶ್ಚಿತವಾಯಿತು. ದಾರಿಹೋಕರು 21 ಮಂದಿ ಆಗಿದ್ದರೆ ಸ್ಥಿತಿ ಬೇರೆ. 63 ರಾಶಿಗಳು ಎಷ್ಟು ದೊಡ್ಡವಾದರೂ 21 ಮಂದಿಗೆ ಸರಿಯಾಗಿ ಹೋಗುತ್ತವೆ, ಬಿಡಿಯಾದ 7 ಹಣ್ಣುಗಳು ಮಾತ್ರ ಎಂದಿಗೂ ಹೋಗವು. ಭಾಜ್ಯ ಭಾಜಕಗಳನ್ನು ಅಪವರ್ತಿಸುವ ಸಂಖ್ಯೆ ಕ್ಷೇಪವನ್ನು ಅಪವರ್ತಿಸದಿದ್ದರೆ ಪ್ರಶ್ನೆಯೇ ದುಷ್ಟವೆಂದು ಎರಡನೆಯ ಭಾಸ್ಕರಾಚಾರ್ಯನು 1150ರ 'ಲೀಲಾವತಿ'ಯಲ್ಲಿ ಹೇಳುತ್ತಾನೆ. ಹೀಗೆ ಅಪವರ್ತಿಸಿ ಮುಗಿದ ಜೋಡಿಗೆ 'ದೃಢ'ವೆಂಬ ಹೆಸರಿದೆ. ದೃಢತೆಯೂ ಒಂದು ಸಂಖ್ಯೆಯದಲ್ಲ, ಜೋಡಿಯದು ಎಂಬುದು ಗಮನಾರ್ಹ.

ಇಷ್ಟರಿಂದ ಮಹಾವೀರಾಚಾರ್ಯರಿಗೆ ಸಂಖ್ಯೆಗಳನ್ನು ಒಡೆಯುವ ಅಭ್ಯಾಸವಿರಲಿಲ್ಲವೆಂದರೆ ಅದೂ ಸಲ್ಲದು. ಗುಣಾಕಾರದ ಉದಾಹರಣೆಗಳಲ್ಲಿ ಅವರು ಕಂಠಾಭರಣಗಳಿಗೆ ಹೋಲಿಸುವ ಸಂಖ್ಯೆಗಳು ಇದಕ್ಕೆ ಸಾಕ್ಷಿ. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. 142857143ನ್ನು 7ರಿಂದ ಗುಣಿಸಿದರೆ 1000000001. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ಗುಣಲಬ್ಧಗಳು ಮುತ್ತಿನ ಸರದಂತೆ ತೋರುತ್ತವೆ. ಇಂಥವು ಯದೃಚ್ಛೆಯಿಂದ ಒದಗಿಬರುವಂಥವಲ್ಲ. ಮೊದಲು ಹಾರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅನಂತರ ಅದನ್ನು ಒಡೆಯುವ ಸಂಖ್ಯೆಯನ್ನು ಅರಸಿರಬೇಕು. ಎಂಟು ಒಂದುಗಳ ಸಂಖ್ಯೆ 1111 ಮತ್ತು 10001 ಇವುಗಳ ಗುಣಲಬ್ಧವೆಂಬುದು ಸುಲಭವಾಗಿ ಕಾಣುತ್ತದೆ. ಆದರೆ 10001 ಎಂಬುದು 73 ಮತ್ತು 137ರ ಗುಣಲಬ್ಧವೆಂಬುದು ಮೇಲುನೋಟಕ್ಕೆ ಕಾಣುವುದಿಲ್ಲ, 73ಕ್ಕಿಂತ ಕಿರಿದಾದ ಭಾಜಕವೂ ಅದಕ್ಕಿಲ್ಲ. 12345654321 ಎಂಬುದು 111111ರ ವರ್ಗ, 441 ಎಂಬುದು 21ರ ವರ್ಗ. 111111 ಎಂಬುದು 21ರಿಂದ ಭಾಗವಾಗುತ್ತದೆಂದು ತಿಳಿದವರಿಗೆ ಮಾತ್ರ ಈ ಹಾರವನ್ನು ಪೋಣಿಸಲು ಸಾಧ್ಯ. ಗ್ರಂಥವು ಫಲವನ್ನು ಕೊಡುತ್ತದೆ, ಅದನ್ನು ಕಂಡುಕೊಂಡ ದಾರಿಯನ್ನು ಹೇಳುವುದಿಲ್ಲ. ಪ್ರಯೋಗ ಶಾಸ್ತ್ರಕ್ಕಿಂತ ಮುಂದೆ ನಡೆದಿರುವುದನ್ನು ಇಲ್ಲಿ ಕಾಣಬಹುದು.

ಸಂಖ್ಯೆಯ ಭಾಜಕಗಳನ್ನು ಕಂಡುಹಿಡಿಯುವುದನ್ನೇ ವಿಷಯವಾಗಿಸಿಕೊಂಡ ಪ್ರಕರಣವೊಂದು ನಾರಾಯಣ ಪಂಡಿತನ 'ಗಣಿತಕೌಮುದಿ'ಯಲ್ಲಿ ದೊರೆಯುತ್ತದೆ. 1356ರ ಈ ಗ್ರಂಥದಲ್ಲಿ ಅದರ ಹೆಸರು ಭಾಗಾದಾನ. ಮುಂದೆ ಒಡೆಯದ ಸಂಖ್ಯೆಗೆ ಅವನು 'ಅಚ್ಛೇದ್ಯ'ವೆಂಬ ಪದವನ್ನು ಬಳಸುತ್ತಾನೆ. ಕೊಟ್ಟ ಸಂಖ್ಯೆಯನ್ನು ಎರಡು ವರ್ಗಗಳ ಅಂತರವಾಗಿ ಬರೆದು ಭಾಜಕಗಳನ್ನು ಪಡೆಯುವ ಅವನ ಉಪಾಯ, ಮೂರು ಶತಮಾನಗಳ ಬಳಿಕ ಫರ್ಮಾ ಬಳಸಿದ್ದೇ ಆಗಿದೆ. ಉದಾಹರಣೆಗೆ 221 ಎಂಬುದು 15ರ ವರ್ಗದಿಂದ 2ರ ವರ್ಗವನ್ನು ಕಳೆದುದು. ಆದುದರಿಂದ ಅದರ ಭಾಜಕಗಳು 13 ಮತ್ತು 17. ಮಾನ್ಯಖೇಟದ ಹಾರಗಳಿಗೂ ಈ ಪ್ರಕರಣಕ್ಕೂ ನಡುವೆ ಐದು ಶತಮಾನಗಳ ಅಂತರವಿದೆ. ಅಭ್ಯಾಸದಲ್ಲಿದ್ದುದು ಪರಿಭಾಷೆಯಾಗಿ ನೆಲೆಗೊಳ್ಳಲು ಇಷ್ಟು ಕಾಲ ಹಿಡಿಯಿತು.

ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದ ಮೊದಲಿಗನೆಂದು ಹೆಸರಾದ ಜೈನಕವಿ ರಾಜಾದಿತ್ಯ ಹನ್ನೆರಡನೆಯ ಶತಮಾನದವನು. ಅವನ ಕೃತಿಗಳಲ್ಲಿ ಒಂದರ ಹೆಸರು 'ಚಿತ್ರಹಸುಗೆ'. ಹಸುಗೆ ಎಂದರೆ ಹಂಚಿಕೆ, ಪಾಲು. ಹಳಗನ್ನಡದ ಪಸುಗೆಯ ಮುಂದಿನ ರೂಪ. ಭಾಗಾಹಾರದ ಸಂಸ್ಕೃತ ಪರಿಭಾಷೆಗಳೆಲ್ಲ ಕೈಗೆ ಸಿಗುತ್ತಿದ್ದ ಕವಿ ಈ ದೇಸಿ ಪದವನ್ನು ಹೆಸರಿಗೆ ಆರಿಸಿಕೊಂಡಿದ್ದಾನೆ. ಹಸುಗೆಯಲ್ಲಿ ಕನಿಷ್ಠ ಎರಡು ಸಂಖ್ಯೆಗಳಿರಲೇಬೇಕು, ಪಾಲಾಗುವುದು ಮತ್ತು ಪಾಲುಗಾರರು. ನಿರುದ್ಧ, ಕುಟ್ಟೀಕಾರ, ದೃಢಗಳಲ್ಲಿ ಕಂಡ ನೋಟವನ್ನೇ ಈ ಕನ್ನಡ ಪದವೂ ಹಿಡಿದಿಟ್ಟಿದೆ.

ಈ ನೋಟವನ್ನು ಅನೇಕಾಂತವಾದದ ಸಾಪೇಕ್ಷತೆಯಿಂದ ಹುಟ್ಟಿದ್ದೆಂದು ವಿವರಿಸುವ ಆಸೆ ಸಹಜ. ಆದರೆ ಆರ್ಯಭಟ, ಬ್ರಹ್ಮಗುಪ್ತ, ಭಾಸ್ಕರರಲ್ಲಿಯೂ ಇದೇ ನೋಟವಿರುವುದರಿಂದ ಆ ವಿವರಣೆ ನಿಲ್ಲುವುದಿಲ್ಲ. ಇದು ಭಾರತೀಯ ಗಣಿತದ ಸಮಾನ ಸಂಪತ್ತು. ಜೈನರು ಅದಕ್ಕೆ ಯುಗ್ಮ-ಓಜ, ಛೇದ, ಧಾರೆ, ನಿರುದ್ಧಗಳ ಮೂಲಕ ತಮ್ಮದೇ ಆದ ಪರಿಭಾಷೆಯನ್ನೂ ವಿಸ್ತಾರವನ್ನೂ ಕೊಟ್ಟರು.

1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 'ಗಣಿತಸಾರಸಂಗ್ರಹ'ವನ್ನು ಪ್ರಕಟಿಸಿದಂದಿನಿಂದ ಈ ಗ್ರಂಥವನ್ನು ಆಧುನಿಕ ಗಣಿತದ ಪದಗಳಲ್ಲಿ ಓದುವುದು ರೂಢಿಯಾಗಿದೆ. ಅದರಿಂದ ಲಾಭವಿದೆ, ಎಚ್ಚರಿಕೆಯೂ ಬೇಕು. ನಿರುದ್ಧವನ್ನು ಲ.ಸಾ.ಅ. ಎಂದು ಅನುವಾದಿಸಿದರೆ ಅರ್ಥ ಉಳಿಯುತ್ತದೆ. ಅದರ ವಿಧಿಯೊಳಗೆ ಅವಿಭಾಜ್ಯ ಸಂಖ್ಯೆಗಳನ್ನು ಸೇರಿಸಿ ವಿವರಿಸಿದರೆ ಗ್ರಂಥಕಾರರು ಹೇಳದ ಮಾತನ್ನು ಅವರ ಬಾಯಲ್ಲಿ ಇಟ್ಟಂತಾಗುತ್ತದೆ. ಅವರು ಹೇಳಿದ್ದು ಅದಕ್ಕಿಂತ ಕಡಿಮೆ ಬೆಲೆಯದಲ್ಲ. ಸಂಖ್ಯೆಗಳನ್ನು ಕೊನೆಯವರೆಗೆ ಒಡೆಯದೆಯೂ, ಅವು ಪರಸ್ಪರ ಅಳೆದು ಉಳಿಸಿದ ಶೇಷದಿಂದಲೇ ಇಷ್ಟು ದೂರ ಸಾಗಬಹುದೆಂಬುದನ್ನು ಆ ಗ್ರಂಥ ತೋರಿಸಿಕೊಟ್ಟಿದೆ.